ಆನ್‌ಲೈನ್ ಶಾಲೆಯ ಮಕ್ಕಳಿಗೆ ಗೆಳೆಯರು ಸಿಗುವುದು ಹೇಗೆ? ನಿಮ್ಮ ಅನುಭವ ಹೇಳಿ

ಕಾನುಮನೆ, ಸಿದ್ದಾಪುರ

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳು ಎಂಟನೇ ತರಗತಿ. ನಮ್ಮದು ಸಿದ್ದಾಪುರ ಪೇಟೆಯಿಂದ ಒಳಗೆ ತೋಟದ ಮನೆ. ಕಾಲಿನ ಆಪರೇಷನ್ ಆದಮೇಲೆ ಅವಳಿಗೆ ಬಸ್ಸಿನವರೆಗೆ ದಿನಾ ನಡೆಯುವುದು ಕಷ್ಟ. ಮಳೆಗಾಲದಲ್ಲಂತೂ ಆಗುವುದೇ ಇಲ್ಲ. ಹಾಗಾಗಿ ಕಳೆದ ವರ್ಷದಿಂದ ಆನ್‌ಲೈನ್ ಶಾಲೆ.

ಪಾಠದ ಬಗ್ಗೆ ದೂರಿಲ್ಲ. ಟೀಚರ್‌ಗಳು ಒಳ್ಳೆಯವರು. ಗಣಿತ ಮೊದಲಿಗಿಂತ ಚೆನ್ನಾಗಿ ಬರುತ್ತಿದೆ. ಆದರೆ ಗೆಳತಿಯರಿಲ್ಲ. ತರಗತಿಯಲ್ಲಿ ಇಪ್ಪತ್ತೈದು ಮಕ್ಕಳಿದ್ದಾರೆ. ಹೆಸರು ಪರದೆಯ ಮೇಲೆಯೇ ಇರುವುದರಿಂದ ಎಲ್ಲರ ಹೆಸರೂ ಗೊತ್ತು. ಆದರೆ ಯಾರ ಮನೆಯಲ್ಲಿ ನಾಯಿ ಇದೆ, ಯಾರಿಗೆ ತಂಗಿ ಹುಟ್ಟಿದಳು, ಯಾರು ನಿನ್ನೆ ಅಮ್ಮನ ಹತ್ತಿರ ಬೈಸಿಕೊಂಡರು, ಇದ್ಯಾವುದೂ ಗೊತ್ತಿಲ್ಲ. ಹುಟ್ಟುಹಬ್ಬದ ದಿನ ಎಲ್ಲರೂ ಚಾಟ್‌ನಲ್ಲಿ ಶುಭಾಶಯ ಹಾಕಿದರು. ಕ್ಲಾಸ್ ಮುಗಿಯಿತು, ಚಾಟ್ ಕೂಡ ಹೋಯಿತು. ಆಮೇಲೆ ಒಬ್ಬರೂ ಫೋನ್ ಮಾಡಲಿಲ್ಲ. ಮಾಡುವುದಾದರೂ ಹೇಗೆ, ಯಾರ ಹತ್ತಿರವೂ ಯಾರ ನಂಬರೂ ಇಲ್ಲ.

ಶಾಲೆಯವರು ತಿಂಗಳಿಗೊಮ್ಮೆ ಮನರಂಜನೆ ಎಂದು ಕ್ವಿಜ್, ಅಂತ್ಯಾಕ್ಷರಿ ಇಡುತ್ತಾರೆ. ಯಾವಾಗಲೂ ಮಾತಾಡುವ ನಾಲ್ಕು ಮಕ್ಕಳೇ ಅಲ್ಲೂ ಮಾತಾಡುತ್ತಾರೆ. ಉಳಿದವರು ನೋಡುತ್ತಾ ಕೂರುತ್ತಾರೆ.

ಮನೆಯಲ್ಲಿ ಇದ್ದುಕೊಂಡೇ ಕಲಿಯುವ ಮಕ್ಕಳಿಗೆ ಒಂದು ಬಳಗ ಸಿಕ್ಕಿದ್ದು ನಿಮ್ಮಲ್ಲಿ ಯಾರಾದರೂ ನೋಡಿದ್ದೀರಾ? ಅದು ಹೇಗೆ ಆಯಿತು?

ಜಯನಗರದ ಅಪ್ಪ

ಮೇಡಂ, ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಶಾಲೆ ಪಾಠಕ್ಕೆ, ಗೆಳೆತನ ಬೀದಿಗೆ. ನನ್ನ ಇಬ್ಬರು ಮಕ್ಕಳೂ ಆನ್‌ಲೈನ್. ಸಂಜೆ ಒಬ್ಬ ಕ್ರಿಕೆಟ್, ಒಬ್ಬಳು ಮೃದಂಗ. ಅಲ್ಲಿಯೇ ಗೆಳೆಯರಿದ್ದಾರೆ. ಪಾಠಕ್ಕೆಂದು ಅಷ್ಟು ಹೊತ್ತು ಪರದೆ ನೋಡಿದ ಮಕ್ಕಳಿಗೆ ಗೆಳೆತನಕ್ಕೂ ಇನ್ನೊಂದು ಗಂಟೆ ಪರದೆ ಕೊಡುವುದು ಸರಿಯಲ್ಲ. 2020ರಲ್ಲಿ ಕೇಂದ್ರ ಸರ್ಕಾರದ 'ಪ್ರಜ್ಞಾತ' ಮಾರ್ಗಸೂಚಿ ಬಂದಾಗ ಒಂದರಿಂದ ಎಂಟನೇ ತರಗತಿವರೆಗೆ ದಿನಕ್ಕೆ ಎರಡೇ ಅವಧಿ, ಒಂದೊಂದೂ 30ರಿಂದ 45 ನಿಮಿಷ ಎಂದು ಹೇಳಿತ್ತು. ಈಗ ಅದನ್ನು ಯಾರೂ ನೆನಪಿಟ್ಟುಕೊಂಡಿಲ್ಲ.

ಕಾನುಮನೆ, ಸಿದ್ದಾಪುರ

ಸರ್, ನಮಗೆ ಬೀದಿಯೇ ಇಲ್ಲ. ಪಕ್ಕದ ಮನೆ ಅಂದರೆ ಗುಡ್ಡ ಇಳಿದು ಹೋಗಬೇಕು. ಅಲ್ಲಿನ ಮಕ್ಕಳು ಬಸ್ಸಿಳಿದು ಮನೆ ಸೇರುವಾಗ ಕತ್ತಲಾಗಿರುತ್ತದೆ. ಪರದೆಯ ಬಗ್ಗೆ ನೀವು ಹೇಳಿದ್ದು ಒಪ್ಪುತ್ತೇನೆ. ನನಗೂ ಅದೇ ಚಿಂತೆ.

ಗಿರಿಮಲ್ಲಿಗೆ, ಮೈಸೂರು

ಬೀದಿ ಇದ್ದರೂ ಅಷ್ಟು ಸುಲಭವಲ್ಲ ಸರ್. ನಾವಿರುವುದು ಅಪಾರ್ಟ್‌ಮೆಂಟಿನಲ್ಲಿ. ಸಂಜೆ ಕೆಳಗೆ ಬೇಕಾದಷ್ಟು ಮಕ್ಕಳಿರುತ್ತಾರೆ. ಆಟ ಆಡುವಾಗ ನನ್ನ ಮಗನೂ ಸೇರುತ್ತಾನೆ. ಆಟ ಮುಗಿದು ಮೆಟ್ಟಿಲ ಮೇಲೆ ಕೂತು ಮಾತಿಗೆ ತೊಡಗಿದರೆ ಎಲ್ಲವೂ ಅವರ ಶಾಲೆಯ ಮಾತು. ಆ ಸೈನ್ಸ್ ಮಿಸ್ ಹೀಗೆ, ಆ ವ್ಯಾನ್ ಡ್ರೈವರ್ ಅಂಕಲ್ ಹಾಗೆ, ಸ್ಪೋರ್ಟ್ಸ್ ಡೇ ದಿನ ಇವನು ಬಿದ್ದ. ನನ್ನ ಮಗ ಸುಮ್ನೆ ಕೇಳಿಸಿಕೊಂಡು ಮೇಲೆ ಬರುತ್ತಾನೆ. ಒಂದೇ ಮೇಷ್ಟ್ರ ಬಗ್ಗೆ ಒಟ್ಟಿಗೆ ಗೊಣಗುವುದಕ್ಕೆ ಅವನಿಗೂ ನಾಲ್ಕು ಜನ ಬೇಕು ಅಲ್ವಾ? ಅದು ಕ್ರಿಕೆಟ್ ಕ್ಯಾಂಪಿನಲ್ಲಿ ಸಿಗುವುದಿಲ್ಲ. ಅವನ ತರಗತಿಯಲ್ಲೇ ಸಿಗಬೇಕು.

ವಿಜ್ಞಾನ ಮೇಷ್ಟ್ರು

ನಾನು ಆನ್‌ಲೈನ್ ಶಾಲೆಯೊಂದರಲ್ಲಿ ಏಳರಿಂದ ಹತ್ತನೇ ತರಗತಿವರೆಗೆ ಪಾಠ ಮಾಡುತ್ತೇನೆ. ಮೊದಲು ಮಾಮೂಲಿ ಹೈಸ್ಕೂಲಿನಲ್ಲಿದ್ದೆ. ಎರಡನ್ನೂ ನೋಡಿರುವುದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಹೈಸ್ಕೂಲಿನಲ್ಲಿ ಮಕ್ಕಳ ಗೆಳೆತನ ನನ್ನ ಪೀರಿಯಡ್‌ನಲ್ಲಿ ಆಗಲಿಲ್ಲ. ಬೆಲ್ ಹೊಡೆಯುವ ಮೊದಲು ಆಯಿತು. ಟಿಫಿನ್ ಬಾಕ್ಸ್ ಬಿಚ್ಚುವಾಗ, ನಲ್ಲಿ ಹತ್ತಿರ ಸಾಲು ನಿಂತಾಗ, ಬಸ್ಸಿಗೆ ಕಾಯುವಾಗ ಆಯಿತು. ಆನ್‌ಲೈನ್ ಶಾಲೆ ಪಾಠವನ್ನು ಮಾತ್ರ ಎತ್ತಿಕೊಂಡು ಬಂದಿದೆ. ಪಾಠದ ಆಚೆ ಈಚೆ ಇದ್ದ ಖಾಲಿ ಹೊತ್ತನ್ನು ಅಲ್ಲೇ ಬಿಟ್ಟು ಬಂದಿದೆ. ಒಂಬತ್ತಕ್ಕೆ ಲಿಂಕ್ ತೆರೆಯುತ್ತದೆ. ಒಂಬತ್ತೂ ನಲವತ್ತಕ್ಕೆ ಟೀಚರ್ 'ಎಂಡ್ ಫಾರ್ ಆಲ್' ಒತ್ತುತ್ತಾರೆ. ಮಕ್ಕಳು ಮಾತಿನ ಮಧ್ಯದಲ್ಲೇ ಮಾಯ. ಮಕ್ಕಳು ಒಬ್ಬರಿಗೊಬ್ಬರು ಬರೆಯುವ ಚಾಟ್ ಕೂಡ ಮುಚ್ಚಿರುತ್ತದೆ. ಶಿಸ್ತಿಗೆ ಅದು ಬೇಕು ಎನ್ನುತ್ತೇವೆ. ಆದರೆ ಇಡೀ ದಿನದಲ್ಲಿ ಒಂದು ಮಗು ಇನ್ನೊಂದು ಮಗುವಿಗೆ ಒಂದು ಮಾತು ಹೇಳಲು ಜಾಗವೇ ಇಲ್ಲದಂತೆ ಮಾಡಿಟ್ಟಿದ್ದೇವೆ.

ಹಾಗಾಗಿ ನಾನು ಲಿಂಕನ್ನು ಕಾಲು ಗಂಟೆ ಮೊದಲೇ ತೆರೆಯುತ್ತೇನೆ. ಪಾಠ ಮುಗಿದ ಮೇಲೂ ಅಷ್ಟೇ ಹೊತ್ತು ಬಿಟ್ಟಿರುತ್ತೇನೆ. ನಾನು ಅಲ್ಲೇ ಇರುತ್ತೇನೆ, ಆದರೆ ಮೈಕ್ ಆಫ್. ನೋಟ್‌ಬುಕ್ ತಿದ್ದುತ್ತಿರುತ್ತೇನೆ. ದೊಡ್ಡವರು ಒಬ್ಬರು ಇದ್ದಾರೆ ಎಂಬುದು ಮಕ್ಕಳಿಗೂ ಗೊತ್ತು, ಪೋಷಕರಿಗೂ ಗೊತ್ತು. ಮೊದಮೊದಲು ಯಾರೂ ಬರಲಿಲ್ಲ. ಆಮೇಲೆ ಇಬ್ಬರು ಹುಡುಗರು ಇಡ್ಲಿ ತಿನ್ನುತ್ತಾ ಬಂದು ಕೂತರು. ಈಗ ಬಹುತೇಕ ದಿನ ಏಳೆಂಟು ಮಕ್ಕಳು ಇರುತ್ತಾರೆ. ಏನು ಮಾತಾಡುತ್ತಾರೆ ಎಂದರೆ ಹೇಳಲು ಏನೂ ಇಲ್ಲ, ಬರೀ ಹರಟೆ. ನನಗೆ ಬೇಕಿದ್ದದ್ದೂ ಅದೇ.

ಎರಡನೆಯದು ಗುಂಪು. ಜೂಮ್‌ನಲ್ಲಿ 'ಬ್ರೇಕ್‌ಔಟ್ ರೂಮ್' ಎಂದು ಸಣ್ಣ ಕೋಣೆಗಳನ್ನು ಮಾಡುತ್ತೇವೆ. ಹೆಚ್ಚಿನ ಟೀಚರ್‌ಗಳು ಅದನ್ನು ಕಂಪ್ಯೂಟರಿಗೇ ಬಿಡುತ್ತಾರೆ. ಅದು ಪ್ರತಿ ಸಲ ಬೇರೆ ಬೇರೆ ಮಕ್ಕಳನ್ನು ಸೇರಿಸುತ್ತದೆ. ಎಲ್ಲರೂ ಎಲ್ಲರ ಜೊತೆ ಬೆರೆಯಲಿ ಎಂಬುದು ಒಳ್ಳೆಯ ಉದ್ದೇಶವೇ. ಆದರೆ ಪ್ರತಿ ದಿನ ಹೊಸಬರ ಮುಂದೆ ಕೂತರೆ ಮಗು ಪ್ರತಿ ದಿನವೂ ಮೊದಲ ದಿನದ ಹಾಗೆ ಮುದುಡಿ ಕೂರುತ್ತದೆ. ಗುಂಪುಗಳನ್ನು ಮೊದಲೇ ಬರೆದು ಉಳಿಸಿಡಲು ಅದರಲ್ಲೇ ಅವಕಾಶ ಇದೆ. ದಸರಾ ರಜೆವರೆಗೆ ಒಂದು ಗುಂಪು, ಆಮೇಲೆ ಬೇಕಿದ್ದರೆ ಬದಲಾವಣೆ. ಒಂದು ಗುಂಪಿಗೆ ನಾಲ್ಕೈದು ಮಕ್ಕಳು. ಇಬ್ಬರೇ ಇಟ್ಟರೆ ಒಬ್ಬರ ಕರೆಂಟ್ ಹೋದ ದಿನ ಇನ್ನೊಬ್ಬರು ಒಂಟಿ. ಎಂಟು ಇಟ್ಟರೆ ನಾಚಿಕೆಯ ಮಕ್ಕಳು ಹಿಂದೆ ಸರಿದು ಅಡಗಿಬಿಡುತ್ತಾರೆ.

ಮೂರನೆಯದು, ಮಕ್ಕಳಿಗೆ ಕೈಯಲ್ಲಿ ಕೆಲಸ ಬೇಕು. ಸುಮ್ಮನೆ 'ಪರಿಚಯ ಮಾಡಿಕೊಳ್ಳಿ' ಎಂದರೆ ನಮಗೇ ಮಾತು ಬರುವುದಿಲ್ಲ, ಇನ್ನು ಹದಿಮೂರರ ಮಕ್ಕಳಿಗೆ ಬರುತ್ತದಾ? ನಾನು 'ಸೀಸನ್‌ವಾಚ್' ಮಾಡಿಸುತ್ತೇನೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ದೇಶದ ಬೇರೆ ಬೇರೆ ಕಡೆ ಶಾಲಾ ಮಕ್ಕಳು ಮತ್ತು ಆಸಕ್ತರು ತಮ್ಮ ಮನೆ ಹತ್ತಿರದ ಒಂದು ಮರವನ್ನು ಆರಿಸಿಕೊಂಡು ವಾರಕ್ಕೊಮ್ಮೆ ಅದರ ಚಿಗುರು, ಹೂ, ಕಾಯಿ ನೋಡಿ ದಾಖಲಿಸುವ ಕೆಲಸ. ಮಾವು, ಹಲಸು, ಕಕ್ಕೆ ಎಲ್ಲ ಅದರ ಪಟ್ಟಿಯಲ್ಲಿವೆ. ನನ್ನ ತರಗತಿಯಲ್ಲಿ ಶ್ರೀನಿವಾಸಪುರದ ಕಡೆಯ ಹುಡುಗಿ, ಕುಂದಾಪುರದ ಹುಡುಗ, ಬೀದರ್‌ನ ಇಬ್ಬರು ಮಾವನ್ನೇ ಆರಿಸಿಕೊಂಡರು. ನಿನ್ನ ಮರ ಹೂ ಬಿಟ್ಟಿತಾ, ನಮ್ಮದು ಇನ್ನೂ ಇಲ್ಲ ಯಾಕೆ, ಮೋಡ ಇತ್ತಾ, ಜಿಗಿಹುಳ ಬಂತಾ. ಮಾತು ಅಲ್ಲಿಂದ ಶುರುವಾಯಿತು. ಮರದ ಮಾತು ಮುಗಿದ ಮೇಲೆ ಮನೆಯ ಮಾತು ಬಂತು. ಜಯನಗರದ ಸರ್ ಹೇಳಿದ ಪರದೆಯ ಚಿಂತೆಗೂ ಇದು ಸ್ವಲ್ಪ ಉತ್ತರ. ಕೆಲಸ ಹೊರಗೆ ನಡೆಯುತ್ತದೆ. ಪರದೆ ಹೇಳಿಕೊಳ್ಳುವುದಕ್ಕೆ ಮಾತ್ರ.

ಗಿರಿಮಲ್ಲಿಗೆ, ಮೈಸೂರು

ಪಾಠ ಮುಗಿದ ಮೇಲೆ ಲಿಂಕ್ ಬಿಟ್ಟಿರುವುದು ಎಷ್ಟು ಸಣ್ಣ ವಿಷಯ! ಇದನ್ನು ನಾಳೆಯೇ ನಮ್ಮ ಶಾಲೆಗೆ ಬರೆಯುತ್ತೇನೆ.

ಓಪನ್ ಸ್ಕೂಲ್ ಹುಡುಗ

ನಾನು ವಿದ್ಯಾರ್ಥಿ, ಹದಿನೇಳು ವರ್ಷ. ಎನ್‌ಐಒಎಸ್‌ನಲ್ಲಿ, ಅಂದರೆ ಮನೆಯಲ್ಲೇ ಓದಿ ಪರೀಕ್ಷೆ ಬರೆಯುವ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ, ಹನ್ನೆರಡನೇ ತರಗತಿ. ಬ್ಯಾಡ್ಮಿಂಟನ್ ಆಡುವುದರಿಂದ ಶಾಲೆಗೆ ಹೋಗಲು ಆಗುವುದಿಲ್ಲ. ದೊಡ್ಡವರೇ ಮಾತಾಡುತ್ತಿದ್ದೀರಿ, ನಾನೂ ಸ್ವಲ್ಪ ಹೇಳಲಾ?

ಎನ್‌ಐಒಎಸ್ 1989ರಿಂದ ಇದೆ. ಲಕ್ಷಗಟ್ಟಲೆ ಜನ ಓದುತ್ತಾರೆ. ಆದರೂ ನಾನು ಇನ್ನೊಬ್ಬ ಎನ್‌ಐಒಎಸ್ ಹುಡುಗನನ್ನು ಮೊದಲು ನೋಡಿದ್ದು ಹತ್ತನೇ ತರಗತಿ ಪ್ರಾಕ್ಟಿಕಲ್ ಪರೀಕ್ಷೆಯ ದಿನ, ಪರೀಕ್ಷಾ ಕೇಂದ್ರದ ವರಾಂಡದಲ್ಲಿ. ಅಲ್ಲೇ ನಾಲ್ಕು ಜನ ಮಾತಾಡಿಕೊಂಡು ನಂಬರ್ ತಗೊಂಡೆವು. ಒಬ್ಬ ಸಿನಿಮಾದಲ್ಲಿ ಬಾಲನಟ ಆಗಿದ್ದವನು, ಒಬ್ಬಳು ಕಾಯಿಲೆಯಿಂದ ಶಾಲೆ ಬಿಟ್ಟವಳು, ಒಬ್ಬ ಎಸ್ಸೆಸ್ಸೆಲ್ಸಿಯಲ್ಲಿ ಫೇಲಾಗಿ ಬಂದವನು. ಮಾಮೂಲಿ ಶಾಲೆಯಲ್ಲಿ ನಾವು ನಾಲ್ವರೂ ಒಂದೇ ಬೆಂಚಿನಲ್ಲಿ ಕೂರುತ್ತಲೇ ಇರಲಿಲ್ಲ.

ನಮ್ಮ ಗೆಳೆತನ ಬೆಳೆದದ್ದು ಟಿಎಂಎ ಬರೆಯುವಾಗ. ಅದು ಮನೆಯಲ್ಲಿ ಬರೆದು ಕೊಡುವ ಅಸೈನ್‌ಮೆಂಟ್, 20 ಪರ್ಸೆಂಟ್ ಅಂಕ. ರಾತ್ರಿ ಊಟ ಆದಮೇಲೆ ನಾಲ್ವರೂ ಕಾಲ್ ಹಾಕಿಕೊಂಡು ಕೂರುತ್ತಿದ್ದೆವು. ಕ್ಯಾಮೆರಾ ಇಲ್ಲ, ಮಾತೂ ಇಲ್ಲ. ಪುಟ ತಿರುಗಿಸುವ ಸದ್ದು ಅಷ್ಟೇ. ಯಾರಿಗಾದರೂ ಪ್ರಶ್ನೆ ಬಂದರೆ ಕೇಳುವುದು. ಈಗಲೂ ಹಾಗೇ ಓದುತ್ತೇವೆ. ಯಾರೋ ಜೊತೆಗಿದ್ದಾರೆ ಅನಿಸುತ್ತದೆ. ಅಷ್ಟು ಸಾಕು.

ದಯವಿಟ್ಟು ಎರಡು ಮಾತು ಕೇಳಿ. ಕ್ಯಾಮೆರಾ ಹಾಕಲೇಬೇಕು ಎಂದು ಬಲವಂತ ಮಾಡಬೇಡಿ. ನನ್ನ ಗೆಳೆಯನ ಮನೆ ಒಂದೇ ಕೋಣೆ. ಹಿಂದೆ ಅವನ ಅಜ್ಜಿ ಮಲಗಿರುತ್ತಾರೆ. ಅದನ್ನು ಎಲ್ಲರೂ ನೋಡಬೇಕಾ? ಆಮೇಲೆ ನಮ್ಮ ಹರಟೆಯಲ್ಲಿ ಅಪ್ಪ ಅಮ್ಮ ಪಕ್ಕದಲ್ಲಿ ಕೂತು 'ಮಾತಾಡು, ಮಾತಾಡು' ಎಂದು ತಿವಿಯಬೇಡಿ. ಕೋಣೆಯ ಬಾಗಿಲು ತೆರೆದಿರಲಿ, ನೀವು ಹೊರಗಿರಿ.

ಜಯನಗರದ ಅಪ್ಪ

ಚೆನ್ನಾಗಿ ಹೇಳಿದೆ ಮಗು. ಆದರೆ ಬರೀ ದನಿಯಲ್ಲಿ ಗೆಳೆತನ ನಿಲ್ಲುತ್ತದಾ ಎಂಬ ಅನುಮಾನ ನನಗೆ ಇದ್ದೇ ಇದೆ.

ಕೆಂಪುಮಣ್ಣು, ಆಲಿಸ್ ಸ್ಪ್ರಿಂಗ್ಸ್

ನಿಲ್ಲುತ್ತದೆ ಸರ್. ನಾನಿರುವ ಊರಿನಲ್ಲಿ ಅದಕ್ಕೆ ಎಪ್ಪತ್ತು ವರ್ಷಕ್ಕೂ ಜಾಸ್ತಿ ಸಾಕ್ಷಿ ಇದೆ.

ನಾನು ಹುಬ್ಬಳ್ಳಿಯವಳು. ಆಸ್ಟ್ರೇಲಿಯಾದ ನಟ್ಟನಡುವಿನ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ನರ್ಸ್ ಕೆಲಸ. ಇಲ್ಲಿ 'ಸ್ಕೂಲ್ ಆಫ್ ದಿ ಏರ್' ಎಂಬ ಶಾಲೆ ಇದೆ. ಶುರುವಾದದ್ದು 1951ರಲ್ಲಿ. ಸುತ್ತಲೂ ನೂರಾರು ಕಿಲೋಮೀಟರ್ ಬಯಲು. ದನ ಸಾಕುವ ಒಂಟಿ ಮನೆಗಳು. ಆ ಮನೆಗಳಿಗೆಲ್ಲ ಫ್ಲೈಯಿಂಗ್ ಡಾಕ್ಟರ್ ಸೇವೆಯ ರೇಡಿಯೊ ಇತ್ತು, ಯಾರಿಗಾದರೂ ಹುಷಾರು ತಪ್ಪಿದರೆ ವಿಮಾನದಲ್ಲಿ ಡಾಕ್ಟರನ್ನು ಕರೆಸಲು. ಅದೇ ರೇಡಿಯೊದಲ್ಲಿ ಮಕ್ಕಳಿಗೆ ಪಾಠವನ್ನೂ ಮಾಡಬಹುದಲ್ಲ ಎಂದು ಯೋಚಿಸಿದ್ದು ಅಡಿಲೇಡ್ ಮೀಟ್ಕೆ ಎಂಬ ಶಿಕ್ಷಕಿ. ಒಂಟಿ ಮನೆಗಳ ಮಕ್ಕಳು ನಾಚಿಕೊಳ್ಳುವುದನ್ನು, ಜೊತೆಗಾರರೇ ಇಲ್ಲದಿರುವುದನ್ನು ಅವರು ಗಮನಿಸಿದ್ದರು. ಅಂದರೆ ಆ ಶಾಲೆ ಹುಟ್ಟಿದ್ದೇ ಕಾನುಮನೆ ಅಕ್ಕ ಕೇಳಿದ ಪ್ರಶ್ನೆಗೆ ಉತ್ತರವಾಗಿ.

ಹಲವು ದಶಕ ಅಲ್ಲಿ ಮುಖವೇ ಇರಲಿಲ್ಲ, ದನಿ ಮಾತ್ರ. ಒಬ್ಬರು ಮಾತಾಡುವಾಗ ಉಳಿದವರು ಕೇಳಬೇಕು. ಮಕ್ಕಳು ದನಿಯಲ್ಲೇ ಒಬ್ಬರನ್ನೊಬ್ಬರು ಗುರುತಿಸುತ್ತಿದ್ದರು. ಈಗ ಉಪಗ್ರಹದ ಇಂಟರ್ನೆಟ್ ಬಂದು ವಿಡಿಯೊ ಆಗಿದೆ. ಶಾಲೆಯನ್ನು ನೋಡಲು ಪ್ರವಾಸಿಗರಿಗೂ ಅವಕಾಶ ಇದೆ. ನಾನು ಹೋಗಿ ನೋಡಿ ಬಂದಿದ್ದೇನೆ.

ಇನ್ನೊಂದು ವಿಷಯ. ಆ ಕಾಲದಲ್ಲಿ ರೇಡಿಯೊದಲ್ಲಿ ದೊಡ್ಡವರಿಗೆ ಬರೀ ಹರಟೆಗೆಂದೇ ಒಂದು ಹೊತ್ತು ಇರುತ್ತಿತ್ತು. ದೂರದೂರದ ಮನೆಗಳ ಹೆಂಗಸರು ಆ ಹೊತ್ತಿಗೆ ಸೇರಿ ಮಳೆ, ಅಡುಗೆ, ಮಕ್ಕಳು ಎಂದು ಮಾತಾಡುತ್ತಿದ್ದರು. ಮೇಷ್ಟ್ರು ಹೇಳಿದ ಕಾಲು ಗಂಟೆ ನೋಡಿದಾಗ ಅದೇ ನೆನಪಾಯಿತು.

ಆದರೆ ದನಿಯೊಂದೇ ಸಾಕು ಎಂದು ಆ ಶಾಲೆಯೂ ಸುಮ್ಮನಾಗಿಲ್ಲ. ವರ್ಷದಲ್ಲಿ ಕೆಲವು ಸಲ ಎಲ್ಲ ಮಕ್ಕಳೂ ಊರಿಗೆ ಬಂದು ಒಂದು ವಾರ ಒಟ್ಟಿಗೆ ಇರುತ್ತಾರೆ. ಈಜು, ಆಟ, ನಾಟಕ. ಟೀಚರ್‌ಗಳು ಗಾಡಿ ತಗೊಂಡು ಒಂದೊಂದು ಮಗುವಿನ ಮನೆಗೂ ಹೋಗಿ ಬರುತ್ತಾರೆ. ನನಗೆ ಅನಿಸುವುದು ಇಷ್ಟೇ. ಎದುರುಬದುರಾಗಿ ಒಮ್ಮೆ ಸೇರಿದ ಮಕ್ಕಳು ಆಮೇಲೆ ದನಿಯಲ್ಲಿ ಬಹಳ ದಿನ ನಡೆಸುತ್ತಾರೆ. ಒಮ್ಮೆಯೂ ಸೇರದವರಿಗೆ ಅದು ಕಷ್ಟ.

ಕೆಲಗೇರಿ, ಧಾರವಾಡ

ಇದು ಭಾಳ ಛಲೋ ಮಾಹಿತಿ ಅಕ್ಕಾರ. ನಮ್ಮ ಕಡೆಯ ಆನ್‌ಲೈನ್ ಶಾಲೆಗಳು ಫೀ ತೆಗೆದುಕೊಳ್ಳುವಾಗ ವರ್ಷಕ್ಕೆ ಒಂದು ಸಲವಾದರೂ ಜಿಲ್ಲೆಗೊಂದು ಕಡೆ ಮಕ್ಕಳನ್ನು ಸೇರಿಸುತ್ತೇವೆ ಎಂದು ಬರೆದುಕೊಡಲಿ. ಇದನ್ನು ಪೋಷಕರು ಕೇಳಬೇಕು. ಲ್ಯಾಬ್ ಇದೆಯಾ ಎಂದು ಕೇಳುತ್ತೇವೆ, ಇದನ್ನೂ ಕೇಳೋಣ.

ಕನ್ನಡ ಟೀಚರ್, ಹಾಸನ

ನಾನು ಸರ್ಕಾರಿ ಶಾಲೆಯ ಶಿಕ್ಷಕಿ. ನಮ್ಮದು ಆನ್‌ಲೈನ್ ಶಾಲೆಯಲ್ಲ. ಆದರೂ 2020ರ ಮಾತು ಹೇಳಬೇಕು.

ಶಾಲೆಗಳು ಮುಚ್ಚಿದ್ದವು. ಚಂದನ ವಾಹಿನಿಯಲ್ಲಿ ಪಾಠ ಬರುತ್ತಿತ್ತು. ಫೋನ್ ಇದ್ದವರಿಗೆ ವಾಟ್ಸಾಪ್‌ನಲ್ಲಿ ಹೋಮ್‌ವರ್ಕ್. ಆಗಸ್ಟ್‌ನಲ್ಲಿ ಇಲಾಖೆ 'ವಿದ್ಯಾಗಮ' ಶುರು ಮಾಡಿತು. ಶಾಲೆ ಮಕ್ಕಳ ಹತ್ತಿರ ಹೋಗಬೇಕು ಎಂಬುದು ಅದರ ಆಲೋಚನೆ. ನಾವು ಟೀಚರ್‌ಗಳು ಊರೂರಿಗೆ ಹೋಗಿ ದೇವಸ್ಥಾನದ ಅಂಗಳ, ಸಮುದಾಯ ಭವನ, ಮರದ ಕೆಳಗೆ ಸಣ್ಣ ಸಣ್ಣ ಗುಂಪಾಗಿ ಮಕ್ಕಳನ್ನು ಕೂರಿಸಿಕೊಂಡು ಪಾಠ ಮಾಡಿದೆವು. ಸ್ಮಾರ್ಟ್‌ಫೋನ್ ಇರುವವರು, ಸಾದಾ ಫೋನ್ ಇರುವವರು, ಏನೂ ಇಲ್ಲದವರು ಎಂದು ಮಕ್ಕಳನ್ನು ವಿಂಗಡಿಸಿದ್ದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದು ನಿಂತಿತು. ಆಮೇಲೆ 2021ರ ಜನವರಿಯಲ್ಲಿ ಶಾಲೆಯ ಆವರಣದಲ್ಲೇ ಮತ್ತೆ ಶುರುವಾಯಿತು.

ಆಗ ನಾನು ಕಂಡದ್ದು ಇದು. ಮಕ್ಕಳು ಪಾಠಕ್ಕಿಂತ ಎಷ್ಟೋ ಮೊದಲೇ ಬಂದು ಕಾಯುತ್ತಿದ್ದರು. ಒಬ್ಬರನ್ನೊಬ್ಬರು ನೋಡುವುದಕ್ಕೆ. ಟಿವಿ ಮುಂದೆ ಅರ್ಧ ಗಂಟೆ ಕೂರದ ಹುಡುಗ ಅರಳಿಕಟ್ಟೆ ಮೇಲೆ ಗೆಳೆಯನ ಪಕ್ಕ ಕೂತು ಎರಡು ಗಂಟೆ ಓದುತ್ತಿದ್ದ. ಗೆಳೆತನ ಬೇರೆ, ಕಲಿಕೆ ಬೇರೆ ಎಂದು ಅಂದಿನಿಂದ ನಾನು ಯಾರಿಗೂ ಹೇಳುವುದಿಲ್ಲ.

ಕಾನುಮನೆ ಅವರೇ, ನಿಮಗೆ ಉಪಯೋಗ ಆಗಬಹುದಾದದ್ದು ಒಂದಿದೆ. 2020ರ ಕೊನೆಯಲ್ಲಿ 'ಓದುವ ಬೆಳಕು' ಎಂಬ ಕಾರ್ಯಕ್ರಮ ಬಂತು. 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಲೈಬ್ರರಿಯಲ್ಲಿ ಉಚಿತ ಸದಸ್ಯತ್ವ. ಈಗ ಆ ಲೈಬ್ರರಿಗಳನ್ನು 'ಅರಿವು ಕೇಂದ್ರ' ಎನ್ನುತ್ತಾರೆ. ಎಷ್ಟೋ ಕಡೆ ಕಂಪ್ಯೂಟರ್, ಚೆಸ್, ಕ್ಯಾರಂ ಇವೆ. ಭಾನುವಾರ ಅಥವಾ ರಜೆಯಲ್ಲಿ ನಿಮ್ಮ ಪಂಚಾಯಿತಿಯ ಕೇಂದ್ರ ತೆರೆದಿರುತ್ತದಾ ವಿಚಾರಿಸಿ. ಮಕ್ಕಳ ಗ್ರಾಮಸಭೆಗೂ ಅವಳನ್ನು ಕರೆದುಕೊಂಡು ಹೋಗಿ. ಮನೆಯಲ್ಲಿ ಕಲಿತರೂ ಅವಳು ಆ ಊರಿನ ಮಗುವೇ.

ಕಾನುಮನೆ, ಸಿದ್ದಾಪುರ

ಅರಿವು ಕೇಂದ್ರದ ವಿಷಯ ಯೋಚಿಸಿರಲಿಲ್ಲ ಟೀಚರ್. ನಾಳೆಯೇ ವಿಚಾರಿಸುತ್ತೇನೆ.

ಇನ್ನೊಂದು ತೊಂದರೆ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮಗೆ ಕರೆಂಟ್ ಹೋದರೆ ಎರಡು ದಿನ ಬರುವುದಿಲ್ಲ. ಸಿಗ್ನಲ್ ಬೇಕಾದರೆ ಗುಡ್ಡದ ನೆತ್ತಿ. ಪಾಠದ ರೆಕಾರ್ಡಿಂಗ್ ಆಮೇಲೆ ನೋಡಬಹುದು. ಹರಟೆಯ ರೆಕಾರ್ಡಿಂಗ್ ಇರುವುದಿಲ್ಲವಲ್ಲ? ಮೂರು ದಿನ ಇಲ್ಲದೆ ವಾಪಸ್ ಹೋದರೆ ಉಳಿದವರ ಮಾತು ಎಲ್ಲಿಗೋ ಹೋಗಿರುತ್ತದೆ.

ವಿಜ್ಞಾನ ಮೇಷ್ಟ್ರು

ಅದಕ್ಕೆ ವಾಯ್ಸ್ ಮೆಸೇಜ್ ಒಳ್ಳೆಯದು. ನಾಲ್ಕೈದು ಮಕ್ಕಳ ಗುಂಪಿನಲ್ಲಿ ದಿನಕ್ಕೊಂದು ಮಾಡಿ ಹಾಕಿದರೆ ಸಿಗ್ನಲ್ ಬಂದಾಗ ಎಲ್ಲವೂ ಒಟ್ಟಿಗೆ ಬಂದು ಬೀಳುತ್ತದೆ. ಆ ಮಗು ಒಲೆ ಮುಂದೆ ಕೂತು ಕೇಳುತ್ತದೆ, ತನ್ನದನ್ನೂ ಹೇಳುತ್ತದೆ. ನಮ್ಮಲ್ಲಿ ಆಗುಂಬೆ ಕಡೆಯ ಒಬ್ಬ ಹುಡುಗ ಮಳೆಯ ಸದ್ದನ್ನೇ ಕಳಿಸುತ್ತಿದ್ದ. ಬಳ್ಳಾರಿಯ ಮಕ್ಕಳಿಗೆ ಅದು ನಂಬಲಾಗದ ಸಂಗತಿ.

ಅಂಚೆ ಕಾರ್ಡ್ ಕೂಡ ಮಾಡಿಸಿ. 50 ಪೈಸೆ ಕಾರ್ಡ್. ಹೆಸರು ಹೇಳಿ ಪೋಸ್ಟ್‌ಮ್ಯಾನ್ ಕರೆದಾಗ ಮಕ್ಕಳಿಗೆ ಆಗುವ ಸಂತೋಷಕ್ಕೆ ಬೇರೆ ಏನೂ ಸಮ ಇಲ್ಲ. ವಿಳಾಸ ಕೊಡುವುದು ಪೋಷಕರ ಒಪ್ಪಿಗೆ ಇದ್ದರೆ ಮಾತ್ರ.

ಎರಡು ಮಕ್ಕಳ ತಾಯಿ, ತುಮಕೂರು

ಒಳ್ಳೆಯ ಮಾತಿನ ಮಧ್ಯೆ ಕಹಿ ಹೇಳುತ್ತಿದ್ದೇನೆ, ಕ್ಷಮಿಸಿ. ಆದರೆ ಹೇಳಲೇಬೇಕು.

ನನ್ನ ಮಗಳ ತರಗತಿಯಲ್ಲಿ ಮಕ್ಕಳೇ ಒಂದು ವಾಟ್ಸಾಪ್ ಗುಂಪು ಮಾಡಿಕೊಂಡರು. ದೊಡ್ಡವರು ಯಾರೂ ಇರಲಿಲ್ಲ. ಕ್ಲಾಸ್ ನಡೆಯುವಾಗ ಅವಳು ಆಕಳಿಸಿದ್ದನ್ನು ಯಾರೋ ಸ್ಕ್ರೀನ್‌ಶಾಟ್ ತೆಗೆದು ಸ್ಟಿಕರ್ ಮಾಡಿದರು. ದಿನವಿಡೀ ಅದೇ ಸ್ಟಿಕರ್. ಅವಳು ಒಂದು ತಿಂಗಳು ಕ್ಯಾಮೆರಾ ಹಾಕಲಿಲ್ಲ, ಊಟ ಬಿಟ್ಟಳು. ಶಾಲೆಗೆ ಹೇಳಿದರೆ 'ಅದು ನಮ್ಮ ವೇದಿಕೆಯಲ್ಲಿ ಆಗಿದ್ದಲ್ಲ' ಎಂದರು. ಹರಟೆಗೆ ಜಾಗ ಬೇಕು, ಒಪ್ಪುತ್ತೇನೆ. ಆದರೆ ಶಾಲೆ ಆ ಜಾಗ ಕೊಡದೇ ಇದ್ದಾಗ ಮಕ್ಕಳು ತಾವೇ ಮಾಡಿಕೊಳ್ಳುತ್ತಾರೆ. ಅಲ್ಲಿ ಏನಾದರೂ ಆದರೆ ಕೇಳುವವರೇ ಇಲ್ಲ.

ಓಪನ್ ಸ್ಕೂಲ್ ಹುಡುಗ

ಆಂಟಿ, ಇದು ಬಹಳ ಕಡೆ ಆಗುತ್ತದೆ. ಓದುವವರಿಗೆಲ್ಲ ತಮಾಷೆ, ಆ ಒಬ್ಬರಿಗೆ ನರಕ. ನಮ್ಮ ಗುಂಪಿನಲ್ಲಿ ಒಂದೇ ನಿಯಮ ಇದೆ. ಕೇಳದೆ ಯಾರ ಫೋಟೊವನ್ನೂ ಹಾಕಬಾರದು. ಹಾಕಿದವರು ಹೊರಗೆ. ನಿಮ್ಮ ಮಗಳ ಜೊತೆ ಆಗ ಒಬ್ಬರಾದರೂ ನಿಂತಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ. ಅವಳು ಈಗ ಹೇಗಿದ್ದಾಳೆ?

ಎರಡು ಮಕ್ಕಳ ತಾಯಿ, ತುಮಕೂರು

ಕೇಳಿದ್ದಕ್ಕೆ ಥ್ಯಾಂಕ್ಸ್ ಮಗಾ. ಶಾಲೆ ಬದಲಾಯಿಸಿದೆವು. ಈಗ ಪರವಾಗಿಲ್ಲ. ಹೊಸ ಶಾಲೆಯಲ್ಲಿ ಮೊದಲ ದಿನವೇ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳನ್ನು ಇವಳಿಗೆ ಜೊತೆ ಮಾಡಿದರು. ಲಿಂಕ್ ಎಲ್ಲಿ, ಯಾವ ಸರ್ ಹೇಗೆ, ಹೋಮ್‌ವರ್ಕ್ ಎಲ್ಲಿ ಹಾಕಬೇಕು, ಎಲ್ಲ ಆ ಹುಡುಗಿಯೇ ಹೇಳಿಕೊಟ್ಟಳು. ಟೀಚರ್ ಹೇಳಿಕೊಟ್ಟಿದ್ದರೆ ಇವಳು ತಲೆ ಆಡಿಸಿ ಸುಮ್ಮನಾಗುತ್ತಿದ್ದಳು. ಅಕ್ಕನ ಹತ್ತಿರ ಪ್ರಶ್ನೆ ಕೇಳಿದಳು. ವರ್ಷದ ಮಧ್ಯೆ ಸೇರುವ ಮಕ್ಕಳಿಗೆ ಇದನ್ನು ಎಲ್ಲ ಶಾಲೆಗಳೂ ಮಾಡಬೇಕು.

ನಿರ್ವಾಹಕರು

ಚರ್ಚೆ ಚೆನ್ನಾಗಿ ಸಾಗುತ್ತಿದೆ. ಮಕ್ಕಳ ಹೆಸರು, ಶಾಲೆಯ ಹೆಸರು, ಫೋನ್ ನಂಬರ್ ಇಲ್ಲಿ ಹಾಕಬೇಡಿ. ಭೇಟಿ ಮಾಡುವವರು ಖಾಸಗಿ ಸಂದೇಶದಲ್ಲಿ ಪೋಷಕರ ನಡುವೆ ಮಾತಾಡಿಕೊಳ್ಳಿ. ಮಕ್ಕಳಿಗೆ ಕಿರುಕುಳ ಆಗುತ್ತಿದ್ದರೆ ಮಕ್ಕಳ ಸಹಾಯವಾಣಿ 1098. ಮನಸ್ಸು ಕುಗ್ಗಿದ್ದರೆ ಟೆಲಿ ಮಾನಸ್ 14416, ಕನ್ನಡದಲ್ಲೂ ಮಾತಾಡುತ್ತಾರೆ. ಎರಡೂ ಉಚಿತ, ದಿನದ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು.

ಬೆಳದಿಂಗಳು, ಉಡುಪಿ

ನನ್ನ ಮಗ ಮಾತಾಡುವಾಗ ತೊದಲುತ್ತಾನೆ. ಮಾಮೂಲಿ ಶಾಲೆಯಲ್ಲಿ ಅವನಿಗೆ ಗುಂಪು ಇತ್ತು, ಆದರೆ ಆ ಗುಂಪೇ ಅವನನ್ನು ಅಣಕಿಸುತ್ತಿತ್ತು. ಆನ್‌ಲೈನ್‌ಗೆ ಬಂದಮೇಲೆ ಟೈಪ್ ಮಾಡಿ ಉತ್ತರ ಹೇಳಬಹುದು ಎಂದರು. ಆಗಲೇ ಅವನು ಎಷ್ಟು ಚುರುಕು ಎಂದು ಟೀಚರ್‌ಗಳಿಗೂ ಗೊತ್ತಾಗಿದ್ದು.

ಅವನಿಗೆ ಗೆಳೆಯ ಸಿಕ್ಕಿದ್ದು ಚೆಸ್‌ನಲ್ಲಿ. 'ಲಿಚೆಸ್' ಎಂಬ ತಾಣ ಇದೆ. ದುಡ್ಡಿಲ್ಲ, ಜಾಹೀರಾತಿಲ್ಲ. ಅದರಲ್ಲಿ ಮಕ್ಕಳ ಮೋಡ್ ಹಾಕಿದರೆ ಹೊರಗಿನವರು ಸಂದೇಶ ಕಳಿಸಲು ಆಗುವುದಿಲ್ಲ. ಅವನ ತರಗತಿಯ ಇನ್ನೊಬ್ಬ ಹುಡುಗನ ಜೊತೆ ದಿನಾ ಸಂಜೆ ಒಂದಾಟ. ಬಹಳ ದಿನ ಮಾತೇ ಇರಲಿಲ್ಲ. ಈಗ ಫೋನಿನಲ್ಲಿ ಮಾತಾಡುತ್ತಾರೆ, ತೊದಲುತ್ತಲೇ. ಆ ಹುಡುಗ ಕಾಯುತ್ತಾನೆ.

ಎಲ್ಲರಿಗೂ ದೊಡ್ಡ ಬಳಗ ಬೇಕಿಲ್ಲ. ಕೆಲವು ಮಕ್ಕಳಿಗೆ ಒಬ್ಬ ಗೆಳೆಯ ಸಾಕು. 'ಮಗು ಯಾಕೆ ಎಲ್ಲರ ಜೊತೆ ಬೆರೆಯುವುದಿಲ್ಲ' ಎಂದು ಅಂಥ ಮಕ್ಕಳನ್ನು ಪೀಡಿಸಬೇಡಿ.

ಜಯನಗರದ ಅಪ್ಪ

ಇದನ್ನೆಲ್ಲ ಓದಿದ ಮೇಲೆ ಮನೆಯಲ್ಲಿ ಮಗಳನ್ನು ಕೇಳಿದೆ. 'ಮೃದಂಗದ ಕ್ಲಾಸಿನಲ್ಲಿ ಗೆಳತಿಯರಿದ್ದಾರೆ, ಆದರೆ ಪರೀಕ್ಷೆ ದಿನ ಭಯ ಆದರೆ ಹೇಳಿಕೊಳ್ಳಲು ಯಾರೂ ಇಲ್ಲ' ಎಂದಳು. ಗಿರಿಮಲ್ಲಿಗೆ ಮೇಡಂ ಹೇಳಿದ್ದು ಅದನ್ನೇ. ಪರದೆಯ ಹೊತ್ತು ಕಡಿಮೆ ಇರಬೇಕು ಎಂಬುದನ್ನು ನಾನು ಬಿಡುವುದಿಲ್ಲ. ಹಾಗಾಗಿ ನೇರ ಭೇಟಿಗೆ ಹೆಚ್ಚು ಒತ್ತು ಕೊಡೋಣ. ಬೆಂಗಳೂರಿನವರಿಗೆ ಜಾಗದ ಕೊರತೆ ಇಲ್ಲ. ಕಬ್ಬನ್ ಪಾರ್ಕಿನ ಮಕ್ಕಳ ಲೈಬ್ರರಿ, ಬಾಲಭವನ, ತಾರಾಲಯ. ನಾನು ಒಂದು ಭಾನುವಾರ ಸೇರಿಸಲು ಸಿದ್ಧ. ಯಾರು ಎಲ್ಲಿದ್ದಾರೆ ಎಂಬುದು ತಿಳಿಯುವುದು ಹೇಗೆ? ಶಾಲೆ ನಂಬರ್ ಕೊಡುವುದಿಲ್ಲ.

ವಿಜ್ಞಾನ ಮೇಷ್ಟ್ರು

ಕೊಡಬಾರದು ಕೂಡ. ಆದರೆ ಶಾಲೆಯೇ ಎಲ್ಲ ಪೋಷಕರಿಗೆ ಒಂದು ಸಂದೇಶ ಕಳಿಸಬಹುದು. 'ನಿಮ್ಮ ಜಿಲ್ಲೆಯ ಬೇರೆ ಕುಟುಂಬಗಳ ಪರಿಚಯ ಬೇಕಿದ್ದವರು ಇಲ್ಲಿ ಹೆಸರು ಕೊಡಿ' ಎಂದು. ಕೊಟ್ಟವರನ್ನು ಮಾತ್ರ ತಾಲ್ಲೂಕಿನ ಪ್ರಕಾರ ಸೇರಿಸುವುದು. ಹೀಗೆ ಮಾಡಿ ಎಂದು ಹತ್ತು ಪೋಷಕರು ಒಟ್ಟಿಗೆ ಪತ್ರ ಬರೆದರೆ ಯಾವ ಶಾಲೆಯೂ ಬೇಡ ಎನ್ನುವುದಿಲ್ಲ.

ಭೇಟಿಯಲ್ಲೂ ಮಾಡಲು ಏನಾದರೂ ಇರಲಿ. ಪ್ರತಿ ಫೆಬ್ರವರಿಯಲ್ಲಿ 'ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್' ಎಂದು ನಾಲ್ಕು ದಿನ ಹಕ್ಕಿ ಎಣಿಸುವ ಕೆಲಸ ಲೋಕದಾದ್ಯಂತ ನಡೆಯುತ್ತದೆ. ಭಾರತ ಅದಕ್ಕೆ ಸೇರಿದ್ದು 2013ರಲ್ಲಿ. ಒಂದು ಜಾಗದಲ್ಲಿ ಕನಿಷ್ಠ 15 ನಿಮಿಷ ನಿಂತು ಕಂಡ ಹಕ್ಕಿಗಳನ್ನು ಬರೆದರೆ ಆಯಿತು. ಮಕ್ಕಳು ಹತ್ತಿರದ ಮೂರ್ನಾಲ್ಕು ಜನ ಸೇರಿ ಮಾಡಲಿ. ದೂರದವರು ತಮ್ಮ ಪಟ್ಟಿ ಕಳಿಸಲಿ. ಸ್ಕೌಟ್ಸ್ ಮತ್ತು ಗೈಡ್ಸ್‌ನಲ್ಲೂ ಶಾಲೆಗೆ ಸೇರದ ಮಕ್ಕಳಿಗೆಂದು ಮುಕ್ತ ದಳಗಳಿವೆ, ವಿಚಾರಿಸಿ. ಮೈಸೂರಿನವರಿಗೆ ಬೇಸಿಗೆಯಲ್ಲಿ ರಂಗಾಯಣದ ಚಿಣ್ಣರ ಮೇಳ ಇದ್ದೇ ಇದೆ.

ಕಾನುಮನೆ, ಸಿದ್ದಾಪುರ

ಎಲ್ಲರಿಗೂ ಮನಸಾರೆ ಥ್ಯಾಂಕ್ಸ್. ಮಗಳಿಗೆ ಓದಿ ಹೇಳಿದೆ. ಹಕ್ಕಿ ಎಣಿಕೆ ಎಂದ ಕೂಡಲೇ ಪಟ್ಟಿ ಬರೆಯಲು ಕೂತಿದ್ದಾಳೆ. ಸಿದ್ದಾಪುರ, ಸಿರಸಿ, ಸಾಗರ, ಸೊರಬ ಕಡೆ ಮನೆಯಲ್ಲೇ ಕಲಿಯುವ ಮಕ್ಕಳು ಯಾರಾದರೂ ಇದ್ದಾರಾ? ಬೇರೆ ಶಾಲೆ, ಬೇರೆ ತರಗತಿ ಆದರೂ ಪರವಾಗಿಲ್ಲ.

ಹೊಳೆಬದಿ, ಸಾಗರ

ಅಕ್ಕಾ, ನಾವಿದ್ದೇವೆ. ಮಗ ಏಳನೇ ತರಗತಿ, ಅವನೂ ಮನೆಯಲ್ಲೇ. ಸೊರಬದಲ್ಲಿ ನಮಗೆ ಗೊತ್ತಿರುವ ಇನ್ನೊಂದು ಮನೆ ಇದೆ, ಅಲ್ಲಿ ಅಕ್ಕ ತಂಗಿ ಇಬ್ಬರು. ಜನವರಿಯ ಕೊನೆಯ ಭಾನುವಾರ ಎಲ್ಲರೂ ನಮ್ಮ ಮನೆಗೇ ಬನ್ನಿ. ಸಾಗರದಿಂದ ಆಟೊ ಮನೆ ಬಾಗಿಲಿಗೇ ಬರುತ್ತದೆ, ನಡೆಯುವುದು ಬೇಕಿಲ್ಲ. ಊಟ ಇಲ್ಲೇ. ವಿಳಾಸ ಸಂದೇಶದಲ್ಲಿ ಕಳಿಸಿದ್ದೇನೆ. ಚೌಕಾಬಾರದ ಕವಡೆ ಇವೆ, ಕ್ಯಾರಂ ಬೋರ್ಡೂ ಇದೆ. ಸ್ಟ್ರೈಕರ್ ಮಾತ್ರ ಕಳೆದುಹೋಗಿದೆ. ನಿಮ್ಮಲ್ಲಿದ್ದರೆ ತನ್ನಿ.